ಕೇಳಿ, ಹೇಳ್ತೀನಿ: ಲಾಂಚ್ ಹೋಯ್ತು, ಬೇಜಾರಿಲ್ವಾ?

ಪ್ರಶ್ನೆ: ಅಕ್ಕಾ, ಸಿಗಂದೂರು ದೇವಸ್ಥಾನಕ್ಕೆ ಹೊರಟರೆ ನಮ್ಮ ಮಕ್ಕಳಿಗೆ ಜನ, ಗಾಡಿ ಹೊತ್ತು ಶರಾವತಿ ಹಿನ್ನೀರು ದಾಟಿಸುವ ಲಾಂಚಿನದೇ ಖುಷಿ. ಈ ಸಲ ಸೇತುವೆ ಮೇಲೆ ಸುಮ್ನೆ ದಾಟಿಬಿಟ್ಟೆವು, ಸಪ್ಪೆ ಅನಿಸಿತು. ನೀವು ಹಿನ್ನೀರಿನಾಚೆ ತುಮರಿ ಕಡೆಯವರಲ್ವಾ, ನಿಮಗೂ ಹಾಗೇ ಆಯಿತಾ?
- ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನಿಜ ಹೇಳಲಾ? ಇಲ್ಲ.

ನಿಮಗೆ ಲಾಂಚ್ ವರ್ಷಕ್ಕೊಂದು ಸಲ. ನಮಗೆ ಅದೇ ಗಡಿಯಾರವಾಗಿತ್ತು. ದೊಡ್ಡ ಆಸ್ಪತ್ರೆ, ದೊಡ್ಡ ಕಾಲೇಜು, ಅಡಿಕೆ ಮಂಡಿ ಎಲ್ಲ ಆಚೆ ದಡದಲ್ಲಿ. ಸಂಜೆ ಕೊನೆ ಲಾಂಚ್ ತಪ್ಪಿತೋ, ಸಾಗರ ಪೇಟೆಯಲ್ಲಿ ನೆಂಟರ ಮನೆ ಹುಡುಕಬೇಕಿತ್ತು. ನಮ್ಮಣ್ಣನ ಮದುವೆಗೆ ದಿಬ್ಬಣ ಹೊರಟಾಗ ಒಂದೇ ಲಾಂಚಿನಲ್ಲಿ ಎಲ್ಲರಿಗೂ ಜಾಗ ಸಿಗಲಿಲ್ಲ. ಮದುಮಗ ಆಚೆ ದಡದ ಅಂಬಾರಗೋಡ್ಲಿಗೆ ಮುಟ್ಟಿದ. ತಾಳಿ ಇಟ್ಟ ಟ್ರಂಕು ನಮ್ಮ ಕಡೆಯ ಕಳಸವಳ್ಳಿ ದಡದಲ್ಲೇ, ದೊಡ್ಡಮ್ಮನ ಕಾಲ ಬುಡದಲ್ಲಿ. ಮುಂದಿನ ಲಾಂಚ್ ಬರುವ ತನಕ ಆಕೆ ಆ ಟ್ರಂಕಿನ ಮೇಲಿಂದ ಏಳಲಿಲ್ಲ. ಈಗ ನಗ್ತೀವಿ. ಅವತ್ತು ಅಪ್ಪನ ಮುಖ ನೋಡಬೇಕಿತ್ತು!

ನಮ್ಮದು ಹುಟ್ಟಾ ದ್ವೀಪವೂ ಅಲ್ಲ. ಶರಾವತಿ ಮೊದಲು ದೋಣಿಯಲ್ಲಿ ದಾಟುವಷ್ಟು ಹೊಳೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಗದ್ದೆ, ತೋಟ, ದಾರಿ ಎಲ್ಲ ಮುಳುಗಡೆ. ಹೊಸನಗರ, ನಿಟ್ಟೂರು ಸುತ್ತಿ ಬರುವ ರಸ್ತೆ ಇತ್ತು, ಆದರೆ ನೋವು ತಿನ್ನುವ ಬಸುರಿಯನ್ನು ಆ ದಾರಿಯಲ್ಲಿ ಯಾರು ಒಯ್ತಾರೆ? ಬೇಸಿಗೆಯಲ್ಲಿ ಹಿನ್ನೀರು ತೀರಾ ಇಳಿದರೆ ಲಾಂಚಿಗೆ ಗಾಡಿ ಹತ್ತಿಸುವುದೂ ಬಂದ್ ಆಗ್ತಿತ್ತು.

2025ರ ಜುಲೈ 14ಕ್ಕೆ ಸೇತುವೆ ಉದ್ಘಾಟನೆಯಾಯಿತು. 2 ಕಿಲೋಮೀಟರಿಗೂ ಜಾಸ್ತಿ ಉದ್ದ. ಅಷ್ಟಕ್ಕೆ 60 ವರ್ಷ ಕಾದೆವು.

ಒಂದು ಮಾತ್ರ ಒಪ್ತೀನಿ. ಯಾರ ಮನೆ ಎಮ್ಮೆ ಕರು ಹಾಕಿತು, ಯಾರ ಮಗಳಿಗೆ ಗಂಡು ಗೊತ್ತಾಯಿತು ಅನ್ನೋದೆಲ್ಲ ದಡದಲ್ಲಿ ಕಾಯುವಾಗಲೇ ತಿಳೀತಿತ್ತು. ಈಗ ಕಾರಿನ ಗಾಜು ಏರಿಸಿ ಭರ್ರನೆ ಹೋಗ್ತಾರೆ. ಫೋನ್ ಮಾಡಿ ಕೇಳೋಣ ಅಂದರೆ ನಮ್ಮ ಮನೆಯಲ್ಲಿ ಸಿಗ್ನಲ್ ಇನ್ನೂ ಗುಡ್ಡ ಹತ್ತಿದರೆ ಮಾತ್ರ!

ದೊಡ್ಡಮ್ಮನಿಗೆ ಮಾತ್ರ ಸೇತುವೆ ಇನ್ನೂ ತಲೆಗೆ ಹತ್ತಿಲ್ಲ. ಸಾಗರಕ್ಕೆ ಹೋಗುವ ದಿನ ಹಳೇ ಲೆಕ್ಕದಲ್ಲೇ ಕತ್ತಲಲ್ಲಿ ಎದ್ದು ಹೊರಡ್ತಾಳೆ. ಪೇಟೆಯಲ್ಲಿ ಅಂಗಡಿ ಬಾಗಿಲು ತೆಗೆಯುವ ಮೊದಲೇ ಚೀಲ ಹಿಡಿದು ಮೆಟ್ಟಿಲ ಮೇಲೆ ಕೂತಿರ್ತಾಳೆ.