ಚೀಟಿ ಕಳೆದುಹೋದ ಹಕ್ಕಿಗೂ ಊರು ಸಿಕ್ಕಿದೆ

ಮ್ಯೂಸಿಯಂನಲ್ಲಿ ಕಾಪಾಡಿಟ್ಟ ಹಳೇ ಸತ್ತ ಹಕ್ಕಿಯ ಚೀಟಿ (ಎಲ್ಲಿ, ಯಾವಾಗ ಸಿಕ್ಕಿತು ಅಂತ ಬರೆದು ಕಟ್ಟಿರುವುದು) ಕಳೆದುಹೋದರೆ ಅದು ಯಾವ ದ್ವೀಪದ್ದು ಅಂತ ಗೊತ್ತಾಗುವುದು ಸಾಧ್ಯವೇ ಇಲ್ವಾ ಅಂತ ಕೇಳಿದ್ದೀರಿ. ಸಾಧ್ಯ ಇದೆ. ನನಗೆ ತುಂಬಾ ಇಷ್ಟವಾದ ಒಂದು ಉದಾಹರಣೆ ಹೇಳುತ್ತೇನೆ.

ಬ್ರಿಟಿಷ್ ಮ್ಯೂಸಿಯಂನಲ್ಲಿ ನಮ್ಮ ಗೊರವಂಕದ ಕುಟುಂಬಕ್ಕೆ ಸೇರಿದ ಒಂದು ಮಂಕು ಬಣ್ಣದ ಹಕ್ಕಿ ಇತ್ತು. ಪುಕ್ಕಗಳ ಅಂಚಿನಲ್ಲಿ ಕಂದು ಗೆರೆ, ಅಷ್ಟೇ. 1887ರಲ್ಲಿ ಪಕ್ಷಿ ತಜ್ಞ ಬುಲ್ಲರ್ ಅದಕ್ಕೆ ಅಪ್ಲೋನಿಸ್ ಮಾವೊರ್ನಾಟಾ ಅಂತ ವೈಜ್ಞಾನಿಕ ಹೆಸರಿಟ್ಟರು. ಆದರೆ ಎಲ್ಲಿಯದು, ಯಾರು ತಂದಿದ್ದು? ಯಾರಿಗೂ ಗೊತ್ತಿರಲಿಲ್ಲ. 18ನೇ ಶತಮಾನದ ನಾವಿಕ ಕ್ಯಾಪ್ಟನ್ ಕುಕ್ ಕಾಲದ್ದಿರಬೇಕು ಅಂತಲೂ ಕೆಲವರು ಊಹಿಸಿದ್ದರು. ಕೊನೆಗೆ ಅದಕ್ಕೆ 'ನಿಗೂಢ ಗೊರವಂಕ' ಅನ್ನುವ ಹೆಸರೇ ಬಿತ್ತು.

ಗಂಟು ಬಿಚ್ಚಿದ್ದು 1986ರಲ್ಲಿ. ಅಮೆರಿಕದ ಪಕ್ಷಿ ತಜ್ಞ ಸ್ಟಾರ್ಸ್ ಓಲ್ಸನ್ ಅವರು ಆಂಡ್ರ್ಯೂ ಬ್ಲಾಕ್ಸಮ್ ಬರೆದಿಟ್ಟ ಟಿಪ್ಪಣಿಗಳನ್ನು ಹುಡುಕಿ ಓದಿದರು. ಬ್ಲಾಕ್ಸಮ್ ಅವರು ಬ್ಲಾಂಡ್ ಅನ್ನುವ ಬ್ರಿಟಿಷ್ ಹಡಗಿನ ನಿಸರ್ಗ ತಜ್ಞ. ಇಂಗ್ಲೆಂಡಿನಲ್ಲಿ ತೀರಿಕೊಂಡ ಹವಾಯಿಯ ರಾಜ ರಾಣಿಯ ಶವಗಳನ್ನು ಅವರ ನಾಡಿಗೆ ಮುಟ್ಟಿಸಿ ವಾಪಸ್ ಬರುವಾಗ, 1825ರ ಆಗಸ್ಟ್ 9ರಂದು ಹಡಗು ಪೆಸಿಫಿಕ್ ಸಾಗರದ ಕುಕ್ ದ್ವೀಪಗಳಲ್ಲಿ ಒಂದಾದ ಮೌಕೆಯಲ್ಲಿ ಸ್ವಲ್ಪ ಹೊತ್ತು ನಿಂತಿತು. ಅಲ್ಲಿ ಬ್ಲಾಕ್ಸಮ್ ಮೂರು ಹಕ್ಕಿ ಹೊಡೆದರು: ಒಂದು ಮಿಂಚುಳ್ಳಿ, ಒಂದು ಪಾರಿವಾಳ, ಮತ್ತೆ ಮರದಲ್ಲಿ ಕುಪ್ಪಳಿಸುತ್ತಿದ್ದ ಈ ಗೊರವಂಕ. ಟಿಪ್ಪಣಿಯ ವಿವರಣೆ ಮ್ಯೂಸಿಯಂನ ಹಕ್ಕಿಗೆ ಸರಿಯಾಗಿ ಹೊಂದಿತು.

ಆ ಕುಪ್ಪಳಿಸುವ ಮಾತು ಓದಿದಾಗಲೆಲ್ಲ ನನಗೆ ಹೊಟ್ಟೆ ಕಿವುಚಿದಂತಾಗುತ್ತದೆ. ಜೀವಂತ ಇದ್ದಾಗಿನ ಅದರ ಬಗ್ಗೆ ಉಳಿದಿರುವುದು ಅಷ್ಟೇ ಅಲ್ವಾ. 1973ರಲ್ಲಿ ಪಕ್ಷಿ ತಜ್ಞರು ಮೌಕೆಗೆ ಹೋಗುವಷ್ಟರಲ್ಲಿ ಅದು ಇರಲಿಲ್ಲ. ಹಡಗುಗಳಿಂದ ಬಂದ ಇಲಿಗಳೇ ಕಾರಣ ಇರಬೇಕು.

ಹಾಗಾಗಿ ನೀವು ಬರೀ ಚೀಟಿ ಹುಡುಕಬೇಡಿ. ಹಡಗಿನ ದಿನಚರಿ, ಅಚ್ಚಾಗದೆ ಉಳಿದ ಡೈರಿಗಳನ್ನೂ ನೋಡಿ.