"ಸೌಂಡ್ ಆಫ್ ಮಾಡ್ಕೊಂಡು ಎಡಿಟ್ ಮಾಡ್ತೀನಿ ಮೇಡಂ"

ಮಾಧ್ಯಮದಲ್ಲಿ ಕೆಲಸ ಮಾಡುವವರು ಮನಸ್ಸಿನ ಕಷ್ಟ ಹೇಳಿಕೊಂಡು ನನ್ನ ಬಳಿ ಬರುವುದು ಇತ್ತೀಚೆಗೆ ಜಾಸ್ತಿಯಾಗಿದೆ. ವರದಿಗಾರರು, ಡೆಸ್ಕಿನವರು, ಕ್ಯಾಮೆರಾದವರು. ನಿದ್ದೆ ಇಲ್ಲ, ಸುಸ್ತು, ಮನೆಯವರ ಮೇಲೆ ರೇಗ್ತೀನಿ ಅಂತ ಶುರು ಮಾಡುತ್ತಾರೆ. ಕೆದಕುತ್ತಾ ಹೋದರೆ ಒಳಗಿರುವುದು ಬೇರೆಯೇ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಇದು ಅವರಲ್ಲೊಬ್ಬರ ಕತೆ. ಅವರ ಒಪ್ಪಿಗೆ ಪಡೆದಿದ್ದೇನೆ, ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.

ಅವರು ಒಂದು ಸುದ್ದಿ ಚಾನೆಲ್‌ನಲ್ಲಿ ವಿಡಿಯೊ ಎಡಿಟರ್. ವಯಸ್ಸು ಮೂವತ್ತರ ಆಸುಪಾಸು. ಮನೆ ನಡೆಯುವುದೇ ಅವರ ಸಂಬಳದಿಂದ. ಹಿನ್ನೆಲೆ ಇಷ್ಟು ಸಾಕು.

ಮೊದಲ ಎರಡು ಭೇಟಿಯಲ್ಲಿ ನಾನು ತಪ್ಪು ತಿಳಿದುಕೊಂಡೆ. ನೈಟ್ ಶಿಫ್ಟು, ಡೆಡ್‌ಲೈನು ಅಂತೆಲ್ಲ ಕೇಳಿ ಇದು ಕೆಲಸದ ಒತ್ತಡ ಅಂದುಕೊಂಡೆ. ನಿದ್ದೆಯ ಬಗ್ಗೆ, ರಜೆಯ ಬಗ್ಗೆ ಮಾತಾಡಿದೆ. ಅವರು ಹತ್ತು ದಿನ ರಜೆ ಹಾಕಿದರು, ಚೆನ್ನಾಗಿ ನಿದ್ದೆ ಮಾಡಿದರು. ಕೆಲಸಕ್ಕೆ ಮರಳಿದ ದಿನವೇ ನಿದ್ದೆ ಮತ್ತೆ ಹೋಯಿತು.

ಮೂರನೇ ಭೇಟಿಯಲ್ಲಿ, ಮುಂದೇನು ಕೇಳಬೇಕೆಂದು ತೋಚದೆ, "ನೀವು ಕೆಲಸ ಮಾಡೋದು ಹೇಗೆ, ಕೂತಲ್ಲಿಂದ ಶುರು ಮಾಡಿ ಹೇಳಿ, ನನಗೆ ಏನೂ ಗೊತ್ತಿಲ್ಲ ಅಂದ್ಕೊಳ್ಳಿ" ಅಂದೆ. ಅವರು ಹೇಳುತ್ತಾ ಹೋದರು. ಫುಟೇಜ್ ಬರುತ್ತದೆ, ಟೈಮ್‌ಲೈನ್‌ಗೆ ಹಾಕುತ್ತೇನೆ, ಬೈಟ್, ಅಂದರೆ ಜನ ಮಾತಾಡಿದ ತುಣುಕು, ಆರಿಸುತ್ತೇನೆ. ಯಾರಾದರೂ ತೀರಿಕೊಂಡ ಸುದ್ದಿಯಾದರೆ ಮನೆಯವರ ಅಳು ಮೊದಲ ಮೂರು ಸೆಕೆಂಡಿನೊಳಗೇ ಬರಬೇಕು, ಇಲ್ಲದಿದ್ದರೆ ಜನ ಮುಂದೆ ಹೋಗಿಬಿಡುತ್ತಾರೆ ಅಂತ ಮೇಲಿನವರು ಹೇಳಿದ್ದಾರೆ. ಆಮೇಲೆ ತೀರಾ ಸಾಮಾನ್ಯ ಸಂಗತಿ ಹೇಳುವ ಹಾಗೆ ಹೇಳಿದರು: "ಅಂಥದ್ದನ್ನ ನಾನು ಸೌಂಡ್ ಆಫ್ ಮಾಡ್ಕೊಂಡು ಎಡಿಟ್ ಮಾಡ್ತೀನಿ ಮೇಡಂ. ಸ್ಕ್ರೀನ್ ಮೇಲೆ ಧ್ವನಿಯ ಗೆರೆ ಕಾಣುತ್ತಲ್ವಾ, ಅದು ಎಲ್ಲಿ ಎತ್ತರಕ್ಕೆ ಹೋಗುತ್ತೋ ಅಲ್ಲಿ ಅಳು ಇರುತ್ತೆ. ಅಲ್ಲಿಗೇ ಕಟ್ ಮಾಡ್ತೀನಿ. ಅಳು ನೋಡೋಕೆ ಹೇಗಿರುತ್ತೆ ಅಂತ ನನಗೆ ಗೊತ್ತು."

ಕೈಯಿಂದ ಗಾಳಿಯಲ್ಲಿ ಆ ಗೆರೆ ಬರೆದೂ ತೋರಿಸಿದರು. ಚಿಕ್ಕ ಚಿಕ್ಕ ಮುಳ್ಳು, ಆಮೇಲೆ ಒಂದು ದೊಡ್ಡ ಗುಡ್ಡ.

ನಾನು ಸ್ವಲ್ಪ ಹೊತ್ತು ಸುಮ್ನಿದ್ದೆ. ಆಮೇಲೆ ಕೇಳಿದೆ: "ಕಳೆದ ಸಲ ಕಟ್ ಮಾಡಿದ್ರಲ್ಲ, ಅದರಲ್ಲಿ ಅವರು ಏನು ಹೇಳ್ತಿದ್ರು?"

ಅವರಿಗೆ ಗೊತ್ತಿರಲಿಲ್ಲ. ಅಪಘಾತದಲ್ಲಿ ಮಗ ಹೋದ ತಾಯಿ ಅನ್ನುವುದು ಗೊತ್ತು, ಅಳುತ್ತಿದ್ದರು ಅನ್ನುವುದು ಗೊತ್ತು. ಮಾತು ಕೇಳಿಸಿಕೊಂಡೇ ಇರಲಿಲ್ಲ. ಆ ರಾತ್ರಿ ಆಫೀಸಿಗೆ ಹೋಗಿ ಹೆಡ್‌ಫೋನ್ ಹಾಕಿಕೊಂಡು ಆ ಕ್ಲಿಪ್ ಪೂರ್ತಿ ಕೇಳಿದರು. ಮರುದಿನ ನನಗೆ ಫೋನ್ ಮಾಡಿದರು. ಆ ತಾಯಿ ಅಳುವಿನ ನಡುವೆ ಹೇಳುತ್ತಿದ್ದದ್ದು, "ಇದನ್ನ ತೋರಿಸಬೇಡ್ರಪ್ಪ, ಅವನ ತಂಗಿಗೆ ಇನ್ನೂ ಹೇಳಿಲ್ಲ."

ಅದು ಪ್ರಸಾರವಾಗಿ ಆಗಲೇ ವಾರವಾಗಿತ್ತು.

ಇದು ಒತ್ತಡವಲ್ಲ. ಮಾಡಬಾರದ್ದನ್ನು ಕೈಯಾರೆ ಮಾಡಿದೆ, ಅಥವಾ ಕಣ್ಣೆದುರೇ ನಡೆಯುವಾಗ ತಡೆಯಲಿಲ್ಲ ಅನ್ನುವುದು ಒಳಗೆ ಮಾಡುವ ಗಾಯ. ನೈತಿಕ ಗಾಯ ಅನ್ನಬಹುದು. ಈ ಮಾತನ್ನು 1990ರ ದಶಕದಲ್ಲಿ ಬಳಕೆಗೆ ತಂದವರಲ್ಲಿ ಪ್ರಮುಖರು ಜೊನಾಥನ್ ಶೇ, ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರಿಗೆ ಚಿಕಿತ್ಸೆ ಕೊಡುತ್ತಿದ್ದ ಅಮೆರಿಕದ ಮನೋವೈದ್ಯರು. ಆಮೇಲೆ ಇದು ಪತ್ರಕರ್ತರ ವಿಷಯದಲ್ಲೂ ಬಂತು. ಯುರೋಪಿಗೆ ಬರುತ್ತಿದ್ದ ನಿರಾಶ್ರಿತರ ವರದಿ ಮಾಡಿದವರ ಬಗ್ಗೆ ಕೆನಡಾದ ಮನೋವೈದ್ಯ ಆಂಥೊನಿ ಫೈನ್‌ಸ್ಟೈನ್ ಮತ್ತು ಅವರ ಜೊತೆಗಾರರು 2017ರಲ್ಲಿ ಹೊರತಂದ ಅಧ್ಯಯನದಲ್ಲಿ ಇದೇ ಮುಖ್ಯ ವಿಷಯ. ಸುಸ್ತಿಗೆ ರಜೆ ಸಾಕು. ಈ ಗಾಯಕ್ಕೆ ರಜೆ ಕೊಟ್ಟರೆ, ರಜೆಯಿಡೀ ಚೆನ್ನಾಗಿದ್ದು ಆಫೀಸಿನ ಬಾಗಿಲ ಹತ್ತಿರ ಬಂದಾಗ ಮತ್ತೆ ಒಸರುತ್ತದೆ. ನಾನು ಮೊದಲೇ ಗಮನಿಸಬೇಕಿತ್ತು.

ಕೆಲಸ ಬಿಡಿ ಅಂತ ನಾನು ಹೇಳಲಿಲ್ಲ. ಇದಕ್ಕೆ ನನ್ನ ಜೊತೆ ಕೆಲಸ ಮಾಡುವವರೇ ಬೇಜಾರಾದರು, ಅನ್ಯಾಯ ನಡೆಯುವ ಜಾಗಕ್ಕೆ ವಾಪಸ್ ಕಳಿಸಿದಿರಲ್ಲ ಅಂದರು. ಸಂಬಳ ನಿಂತರೆ ಮನೆ ನಡೆಯದವರಿಗೆ ಬಿಟ್ಟುಬಿಡಿ ಅನ್ನುವುದು ನನಗೆ ಸುಲಭ, ಅವರಿಗಲ್ಲ. ಹಾಗಂತ "ನಿಮ್ಮಂಥ ಒಳ್ಳೆಯವರು ಅಲ್ಲೇ ಇರಬೇಕು" ಅಂತಲೂ ನಾನು ಹೇಳಲಿಲ್ಲ. ಅದು ಇನ್ನೂ ಕ್ರೂರ. ಇಡೀ ಚಾನೆಲ್ಲಿನ ಪಾಪ ಪುಣ್ಯವನ್ನು ಒಬ್ಬರ ತಲೆ ಮೇಲೆ ಹೊರಿಸಿದ ಹಾಗೆ.

ನಾನು ಹೇಳಿದ್ದು ಸಣ್ಣದು. ಇನ್ನು ಮೇಲೆ ಸೌಂಡ್ ಆಫ್ ಮಾಡಬೇಡಿ. ನಿಮಗೆ ಕೇಳಲಾಗದ್ದನ್ನು ಎಡಿಟ್ ಮಾಡಬೇಡಿ. ಆಮೇಲೆ, "ನಾನು ಮಾಡುವುದಿಲ್ಲ" ಅನ್ನುವ ಮೂರು ಕೆಲಸ ಬರೆದುಕೊಳ್ಳಿ. ಅವರು ಮೊದಲು ಬರೆದು ತಂದದ್ದು ಸತ್ಯ, ಮಾನವೀಯತೆ, ಗೌರವ. ನಾನು ಒಪ್ಪಲಿಲ್ಲ. ಇವುಗಳನ್ನು ಎಲ್ಲರೂ ಒಪ್ಪುತ್ತಾರೆ, ಅವರ ಬಾಸ್ ಕೂಡ. ರಾತ್ರಿ ಹನ್ನೊಂದಕ್ಕೆ ಫುಟೇಜ್ ಬಂದು ಹತ್ತು ನಿಮಿಷದಲ್ಲಿ ಕೊಡು ಅಂದಾಗ ಇಂಥ ದೊಡ್ಡ ಮಾತು ಕೈಗೆ ಸಿಗುವುದಿಲ್ಲ. ಕೈ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಅಂತ ಬರೆಯಿರಿ ಅಂದೆ. ಎರಡನೇ ಸಲ ಸರಿಯಾಗಿ ಬರೆದರು: ಬೇಡ ಅಂದವರ ಅಳು ಹಾಕುವುದಿಲ್ಲ. ಮಕ್ಕಳ ಮುಖ ಮಸುಕು ಮಾಡದೆ ಕಳಿಸುವುದಿಲ್ಲ. ಹಳೆಯ ಫುಟೇಜನ್ನು ಇವತ್ತಿನದು ಅನ್ನುವ ಹಾಗೆ ಜೋಡಿಸುವುದಿಲ್ಲ.

ಇದನ್ನು ಬಾಸ್‌ಗೆ ಹೇಳಲು ಗಲಾಟೆ ಇಲ್ಲದ ದಿನ ಆರಿಸಿಕೊಳ್ಳಿ, ಡೆಡ್‌ಲೈನ್ ಹೊತ್ತಲ್ಲಿ ಹೇಳಿದರೆ ಅದು ಜಗಳವಾಗುತ್ತದೆ ಅಂದೆ. ಕೈಯಲ್ಲಿ ಬೇರೆ ಕಟ್ ರೆಡಿ ಇರಲಿ, ಬರೀ "ಆಗಲ್ಲ" ಅಂದರೆ ಸಾಲದು. ತಿಂಗಳು ತಿಂಗಳು ಸ್ವಲ್ಪ ದುಡ್ಡು ಬೇರೆ ಎತ್ತಿಡಿ, ಯಾಕೆಂದರೆ ಒಂದು ದಿನ ನಿಜವಾಗಿಯೂ ಎದ್ದು ಬರಬೇಕಾಗಬಹುದು. ಹೀಗೆ ಎದ್ದು ಬರುವುದು ಮೆತ್ತನೆ ಮನಸ್ಸಿನವರ ಹಟ ಅನ್ನುವವರಿಗೆ ನಾನು ಫ್ರಾನ್ಸಿನ ಉದಾಹರಣೆ ಕೊಡುತ್ತೇನೆ. ಪತ್ರಿಕೆಯ ಧೋರಣೆ ಬದಲಾಗಿ ತನ್ನ ಮಾನಕ್ಕೆ, ಆತ್ಮಸಾಕ್ಷಿಗೆ ಧಕ್ಕೆ ಬಂದರೆ ಪತ್ರಕರ್ತರು ಪರಿಹಾರ ಪಡೆದು ಹೊರಬರಬಹುದು ಅಂತ ಅಲ್ಲಿ 1935ರಲ್ಲೇ ಕಾನೂನು ಬಂತು. ಸ್ಪೇನಿನಲ್ಲಿ 1978ರ ಸಂವಿಧಾನದಲ್ಲೇ ಆತ್ಮಸಾಕ್ಷಿಯ ಹಕ್ಕಿನ ಮಾತು ಇದೆ. ಬೇರೆ ಕಡೆ ಕಾನೂನು ಇಲ್ಲದಿದ್ದರೂ, ಅಂತಾರಾಷ್ಟ್ರೀಯ ಪತ್ರಕರ್ತರ ಒಕ್ಕೂಟ 2019ರಲ್ಲಿ ಒಪ್ಪಿದ ನೀತಿ ಸಂಹಿತೆ ಇದೆ. ಮಾಧ್ಯಮದ ರೂಢಿ ಇಲ್ಲದವರ ಜೊತೆ, ದುರ್ಬಲ ಸ್ಥಿತಿಯಲ್ಲಿರುವವರ ಜೊತೆ ವಿಶೇಷ ಕಾಳಜಿ ಇರಬೇಕು ಅಂತ ಅದರ ಎಂಟನೇ ಅಂಶ ಹೇಳುತ್ತದೆ. ಅದನ್ನು ಪ್ರಿಂಟ್ ಮಾಡಿಕೊಂಡು ಹೋಗಿ ಅಂದೆ. ಹೋದರು.

ಬಾಸ್ ಕೂಗಾಡಲಿಲ್ಲ. ಮಕ್ಕಳ ಮುಖದ ವಿಷಯ, ಹಳೆಯ ಫುಟೇಜಿನ ವಿಷಯ ಎರಡನ್ನೂ ಒಪ್ಪಿದರು. ಅಳುವಿನ ವಿಷಯಕ್ಕೆ ಮಾತ್ರ "ಅಂಥದ್ದು ನಿಮಗೆ ಕೊಡಲ್ಲ ಬಿಡಿ" ಅಂದರು. ಈಗ ಇವರಿಗೆ ನಿದ್ದೆ ಬರುತ್ತಿದೆ, ವಾರದಲ್ಲಿ ನಾಲ್ಕೈದು ದಿನ.

ಕಳೆದ ತಿಂಗಳು ಮತ್ತೆ ಬಂದಿದ್ದರು. "ಅದನ್ನೆಲ್ಲ ಈಗ ಪಕ್ಕದ ಸೀಟಿನ ಹುಡುಗನಿಗೆ ಕೊಡ್ತಾರೆ ಮೇಡಂ. ಹೊಸಬ. ನಿನ್ನೆ ನೋಡ್ದೆ, ಹೆಡ್‌ಫೋನ್ ತೆಗೆದು ಕುತ್ತಿಗೆಗೆ ಹಾಕ್ಕೊಂಡು ಕಟ್ ಮಾಡ್ತಿದ್ದ. ಅವನ ಹತ್ರ ಮಾತಾಡ್ಲಾ?"

ಮಾತಾಡಿ ಅಂದೆ.