ಪಿನ್ನು ಕೂತರೂ ಚಿತ್ರ ಬರಲಿಲ್ಲ

ಪ್ರಶ್ನೆ: ಅಣ್ಣಾರಿಗೆ ನಮಸ್ಕಾರ. ನಮ್ಮದು ನೇಕಾರರ ಮನೆ. ಮಗ ಹೊಸ ಲ್ಯಾಪ್‌ಟಾಪ್ ತಗೊಂಡು ಹಳೇದನ್ನ ನಮಗೆ ಬಿಟ್ಟು ಹೋಗಿದ್ದಾನೆ. ಸೀರೆ ಡಿಸೈನು ಎಲ್ಲಾ ಅದರಲ್ಲೇ ಇವೆ. ಗಿರಾಕಿ ಬಂದಾಗ ಟಿವಿಯಲ್ಲಿ ದೊಡ್ಡದಾಗಿ ತೋರಿಸೋಣ ಅಂತ ಒಂದು ಕನ್ವರ್ಟರ್ ತಂದೆವು. ಲ್ಯಾಪ್‌ಟಾಪಿಗೆ ಅಗಲವಾದ ನೀಲಿ ಸಾಕೆಟ್ ಒಂದೇ ಇದೆ, ಟಿವಿಗೆ ಎಚ್‌ಡಿಎಂಐ. ಎರಡೂ ಕಡೆ ಸರಿಯಾಗಿ ಕೂತಿತು. ಆದರೆ ಟಿವಿ ‘ನೋ ಸಿಗ್ನಲ್’ ಅನ್ನುತ್ತದೆ. ಮೆಕ್ಯಾನಿಕ್ ನೋಡಿ ಟಿವಿ ಬೋರ್ಡು ಹೋಗಿದೆ, ಬದಲಿಸಬೇಕು ಅಂದರು. ಬದಲಿಸೋಣವೇ?
– ಓದುಗರು, ಬೆಟಗೇರಿ

ಉತ್ತರ: ತಡೀರಿ ಅಕ್ಕಾರ, ಬೋರ್ಡಿಗೆ ಕೈ ಹಚ್ಚಬ್ಯಾಡ್ರಿ. ಮೊದಲು ಸೆಟ್‌ಟಾಪ್ ಬಾಕ್ಸಿನ ಎಚ್‌ಡಿಎಂಐ ಕೇಬಲನ್ನು ಅದೇ ಸಾಕೆಟ್ಟಿಗೆ ಚುಚ್ಚಿ, ರಿಮೋಟಿನಲ್ಲಿ ಇನ್‌ಪುಟ್ ಅದಕ್ಕೇ ಇಡಿ. ಧಾರಾವಾಹಿ ಬಂತೋ, ನಿಮ್ಮ ಟಿವಿ ಗಟ್ಟಿಮುಟ್ಟಾಗಿದೆ ಅಂತಲೇ ಅರ್ಥ.

ನಿಮ್ಮ ಕೈಗೆ ಬಂದಿರುವುದು ಉಲ್ಟಾ ಕನ್ವರ್ಟರ್ ಅಂತ ನನ್ನ ಅನುಮಾನ. ಆ ನೀಲಿ ಸಾಕೆಟ್ಟಿನ ಹೆಸರು ವಿಜಿಎ. ಮೂರು ಸಾಲಿನಲ್ಲಿ ಹದಿನೈದು ತೂತು. 1987ರಲ್ಲಿ ಐಬಿಎಂ ಕಂಪನಿ ತಂದದ್ದು, ಅನಲಾಗ್ ಕಾಲದ್ದು. ಬಣ್ಣವನ್ನು ಏರಿಳಿಯುವ ವೋಲ್ಟೇಜಿನಲ್ಲಿ ಕಳಿಸುತ್ತದೆ. ಎಚ್‌ಡಿಎಂಐ ಬಂದದ್ದು 2002ರಲ್ಲಿ, ಅದು ಡಿಜಿಟಲ್, ಅದರದ್ದೆಲ್ಲ ಸೊನ್ನೆ-ಒಂದರ ಲೆಕ್ಕ. ಒಂದರ ಮಾತು ಇನ್ನೊಂದಕ್ಕೆ ತಿಳಿಯಬೇಕಾದರೆ ನಡುವೆ ಒಂದು ಚಿಪ್ ಕೂತು ಭಾಷೆ ಬದಲಿಸಬೇಕು, ಆ ಚಿಪ್ಪಿಗೆ ಬರುವುದು ಒಂದೇ ಕಡೆಯ ಕೆಲಸ. ಅಂಗಡಿಗಳಲ್ಲಿ ಹೆಚ್ಚು ಓಡುವುದು ಎಚ್‌ಡಿಎಂಐನಿಂದ ವಿಜಿಎಗೆ ಹೋಗುವ ಮಾಲು. ಹೊಸ ಲ್ಯಾಪ್‌ಟಾಪನ್ನು ಹಳೇ ಪ್ರೊಜೆಕ್ಟರಿಗೆ ಜೋಡಿಸಲು ಅದು ಬೇಕು. ಅದರ ಎಚ್‌ಡಿಎಂಐ ಮೂತಿ ನಿಮ್ಮ ಟಿವಿಯಲ್ಲೂ ಕೂರುತ್ತದೆ, ಇನ್ನೊಂದು ತುದಿಗೆ ವಿಜಿಎ ಕೇಬಲೂ ಕೂರುತ್ತದೆ. ಚಿತ್ರ ಮಾತ್ರ ಬರುವುದಿಲ್ಲ.

ಈ ತಪ್ಪನ್ನು ನಾನೇ ಮಾಡಿದವನು. ಹುಬ್ಬಳ್ಳಿಯಲ್ಲಿ ಅಂಗಡಿ ಹಾಕಿದ ಹೊಸದರಲ್ಲಿ ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ಒಬ್ಬರಿಗೆ ಇಂಥದ್ದೇ ಉಲ್ಟಾ ಮಾಲು ಕಟ್ಟಿ ಕೊಟ್ಟಿದ್ದೆ. ಮರುದಿನ ಬಸ್ ಹಿಡಿದು ಬಂದು ಕೌಂಟರ್ ಮೇಲಿಟ್ಟು, ‘ನನಗ ಬರೋ ಬಸ್ ಬೇಕಿತ್ತು ಸಾಹೇಬ್ರ, ನೀವು ಹೋಗೋ ಬಸ್ ಹತ್ತಿಸೀರಿ’ ಅಂದರು. ದುಡ್ಡಿನ ಜೊತೆ ಬಸ್ ಚಾರ್ಜೂ ಕೊಟ್ಟೆ. ಅವತ್ತಿನಿಂದ ಪ್ರತಿ ಕನ್ವರ್ಟರಿನ ಬೆನ್ನ ಮೇಲೆ ಮಾರ್ಕರಿನಿಂದ ಬಾಣ ಬರೆದಿಡುತ್ತೇನೆ.

ನೀವು ಕೇಳಬೇಕಾದ್ದು ‘ವಿಜಿಎಯಿಂದ ಎಚ್‌ಡಿಎಂಐ’. ಹೆಚ್ಚಾಗಿ ಸಿಗುವ ಚಿಕ್ಕ ಕನ್ವರ್ಟರಿನ ಗುರುತು ಹೀಗೆ: ವಿಜಿಎ ಕಡೆ ಚೂಪಾದ ಪಿನ್ನುಗಳು, ಎಚ್‌ಡಿಎಂಐ ಕಡೆ ತೂತು, ಜೊತೆಗೆ ಯುಎಸ್‌ಬಿಯ ಒಂದು ಬಾಲ. ಆ ಬಾಲವನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಲೇಬೇಕು, ಚಿಪ್ಪಿಗೆ ಕರೆಂಟು ಅಲ್ಲಿಂದಲೇ. ವಿಜಿಎಯಲ್ಲಿ ಧ್ವನಿ ಹರಿಯುವುದಿಲ್ಲ, ಅದಕ್ಕೆ ಇಯರ್‌ಫೋನ್ ತೂತಿಗೆ ಹಾಕುವ ವೈರೂ ಇರುವಂಥದ್ದನ್ನು ಆರಿಸಿ. ಕನ್ವರ್ಟರಿನಿಂದ ಟಿವಿಗೆ ಸಾದಾ ಎಚ್‌ಡಿಎಂಐ ಕೇಬಲ್, ಎರಡು ಮೀಟರ್ ಸಾಕು. ಬಂಗಾರದ ಲೇಪ ಇದೆ, ಬಣ್ಣ ಚೆನ್ನಾಗಿ ಬರುತ್ತದೆ ಅಂತ ಯಾರಾದರೂ ದುಬಾರಿ ಕೇಬಲ್ ಮುಂದಿಟ್ಟರೆ ನಕ್ಕು ಮುಂದೆ ನಡೀರಿ. ಅಷ್ಟು ಉದ್ದಕ್ಕೆ ನೂರರ ಕೇಬಲ್ಲೂ ಸಾವಿರದ ಕೇಬಲ್ಲೂ ತೋರಿಸುವುದು ಅದೇ ಸೀರೆ. ಎಲ್ಲ ಜೋಡಿಸಿದ ಮೇಲೆ ವಿಂಡೋಸ್ ಗುರುತಿನ ಕೀಲಿಯ ಜೊತೆ ‘ಪಿ’ ಒತ್ತಿ ‘ಡುಪ್ಲಿಕೇಟ್’ ಆರಿಸಿ.

ಚಿತ್ರ ಬಂದ ಮೇಲೆ ಇನ್ನೊಂದು ತಕರಾರು ನಿಮಗೆ ಕಾಯುತ್ತಿರಬಹುದು. ಎಷ್ಟೋ ಟಿವಿಗಳು ಚಿತ್ರವನ್ನು ಒಂದಿಷ್ಟು ಹಿಗ್ಗಿಸಿ ನಾಲ್ಕೂ ಅಂಚು ಕತ್ತರಿಸುತ್ತವೆ. ಸಿನಿಮಾ ನೋಡುವವರಿಗೆ ಗೊತ್ತೇ ಆಗದು. ನಿಮ್ಮ ಕಸುಬಿನಲ್ಲಿ ಹಾಗಲ್ಲ, ದಡಿಯೇ ಮಾಯವಾಗುತ್ತದೆ! ದಡಿ ಇಲ್ಲದ ಸೀರೆ ತೋರಿಸಿದರೆ ಗಿರಾಕಿ ಏನಂತಾಳೆ? ಟಿವಿ ಮೆನುವಿನಲ್ಲಿ ಚಿತ್ರದ ಅಳತೆ ಅನ್ನುವ ಕಡೆ ‘ಜಸ್ಟ್ ಸ್ಕ್ಯಾನ್’ ಅಥವಾ ‘ಸ್ಕ್ರೀನ್ ಫಿಟ್’ ಅಂತ ಇರುತ್ತದೆ, ಅದನ್ನು ಒತ್ತಿ. ಬಣ್ಣಕ್ಕೆ ‘ವಿವಿಡ್’ ತೆಗೆದು ‘ಸಿನಿಮಾ’ ಇಡಿ, ಇಲ್ಲವಾದರೆ ಕುಂಕುಮದ ಕೆಂಪು ಕಣ್ಣು ಚುಚ್ಚುವ ಹಾಗೆ ಉರಿಯುತ್ತದೆ. ಅಷ್ಟಾದರೂ ಸೀರೆಯ ನಿಜ ಬಣ್ಣಕ್ಕೆ ಅದು ಪೂರಾ ಹೊಂದುವುದಿಲ್ಲ. ಪಕ್ಕದಲ್ಲಿ ಒಂದು ನೂಲಿನ ಲಡಿ ಇಟ್ಟುಕೊಂಡೇ ತೋರಿಸಿ.

ಮಗ್ಗದ ಮನೆ ಅಂದಿರಿ. ಹತ್ತಿ ಧೂಳು ಸಾಕೆಟ್ಟಿನೊಳಗೆ ಮೆತ್ತಿಕೊಳ್ಳುತ್ತದೆ. ಟಿವಿ, ಲ್ಯಾಪ್‌ಟಾಪ್ ಎರಡನ್ನೂ ಆಫ್ ಮಾಡಿ, ಬಣ್ಣ ಹಚ್ಚುವ ಮೆತ್ತನೆ ಒಣ ಬ್ರಷ್ಷಿನಿಂದ ಝಾಡಿಸಿ. ಬಾಯಿಂದ ಊದಬೇಡಿ, ಎಂಜಲಿನ ಪಸೆ ಒಳಗೆ ಹೋಗುತ್ತದೆ.

ಪ್ರಶ್ನೆ: ಹೊಸ ಲ್ಯಾಪ್‌ಟಾಪಿನಲ್ಲಿ ಟೈಪ್-ಸಿ ಮಾತ್ರ ಇದೆ. ರೂಮ್‌ಮೇಟ್‌ನ ಟೈಪ್-ಸಿ ಎಚ್‌ಡಿಎಂಐ ಕೇಬಲ್ ಅವನ ಲ್ಯಾಪ್‌ಟಾಪಿಗೆ ನಡೆಯುತ್ತದೆ, ನನ್ನದಕ್ಕೆ ಇಲ್ಲ. ಯಾಕೆ?
– ವಿದ್ಯಾರ್ಥಿ, ಸಪ್ತಾಪುರ, ಧಾರವಾಡ

ಉತ್ತರ: ತಮ್ಮಾ, ಟೈಪ್-ಸಿ ಅನ್ನೋದು ತೂತಿನ ಆಕಾರದ ಹೆಸರಷ್ಟೇ. ಕೆಲವು ಬರೀ ಚಾರ್ಜಿಂಗ್ ಮತ್ತು ಫೈಲ್ ಸಾಗಿಸುತ್ತವೆ, ಕೆಲವು ಚಿತ್ರವನ್ನೂ ಕಳಿಸುತ್ತವೆ. ಎರಡು ತೂತು ಇದ್ದರೆ ಮೊದಲು ಇನ್ನೊಂದಕ್ಕೆ ಹಾಕಿ ನೋಡು. ತೂತಿನ ಪಕ್ಕ ಸಿಡಿಲಿನ ಬಾಣದ ಥಂಡರ್‌ಬೋಲ್ಟ್ ಗುರುತೋ, ‘ಡಿ’ ಒಳಗೆ ‘ಪಿ’ ಹೆಣೆದ ಡಿಸ್‌ಪ್ಲೇಪೋರ್ಟ್ ಗುರುತೋ ಇದ್ದರೆ ಚಿತ್ರ ಬರಬೇಕು. ಗುರುತಿಲ್ಲದೆಯೂ ಕೆಲವು ಕಳಿಸುತ್ತವೆ, ಅದಕ್ಕೆ ಲ್ಯಾಪ್‌ಟಾಪಿನ ಹೊಟ್ಟೆ ಮೇಲಿನ ಮಾಡೆಲ್ ನಂಬರ್ ನೋಡಿ ಕಂಪನಿಯ ಕೈಪಿಡಿಯಲ್ಲಿ ‘ಡಿಸ್‌ಪ್ಲೇಪೋರ್ಟ್’ ಅಂತ ಹುಡುಕು. ಅಲ್ಲಿ ಇಲ್ಲವೆಂದರೆ ಆ ಥರದ ಯಾವ ಕೇಬಲ್ ತಂದರೂ ದಂಡ. ಟಿವಿ ಸ್ಮಾರ್ಟ್ ಆಗಿದ್ದರೆ ವಿಂಡೋಸ್ ಕೀಲಿ ಜೊತೆ ‘ಕೆ’ ಒತ್ತು, ಪಟ್ಟಿಯಲ್ಲಿ ನಿನ್ನ ಟಿವಿ ಹೆಸರು ಬಂದರೆ ಕೇಬಲ್ಲೇ ಬೇಡ.